ಕೊನೆಗೂ ಕುಣಿದೆ

ಕಳೆದ ಶನಿವಾರ ನಾನು ಕುಣಿದೆ. ಲೈಟ್ ಇತ್ತು, ಜನ ಇದ್ದರು, ಅವರಲ್ಲಿ ಅರ್ಧ ಜನ ಗುರುತಿಲ್ಲದವರು. ಒಂದು ಹಾಡಿಗೆ ಅಂತ ಎದ್ದವಳು ನಾಲ್ಕು ಹಾಡು ಮುಗಿದರೂ ಕೂರಲಿಲ್ಲ. ಇದರಲ್ಲೇನು ವಿಶೇಷ ಅಂತ ನನ್ನನ್ನು ಈಚೆಗೆ ಕಂಡವರಿಗೆ ಅನಿಸಬಹುದು. ಚಿಕ್ಕಂದಿನಿಂದ ಬಲ್ಲವರಿಗೆ ಗೊತ್ತು, ನಾನು ಜನರೆದುರು ಕುಣಿಯದೆ 26 ವರ್ಷವಾಗಿತ್ತು. 13ನೇ ವಯಸ್ಸಿನಲ್ಲಿ ಸ್ಟೇಜ್ ಮೇಲೆ ಹೆಜ್ಜೆ ತಪ್ಪಿದಾಗ ಎದ್ದ ಆ ನಗು ಕಿವಿಯಿಂದ ಹೋಗಿರಲೇ ಇಲ್ಲ. ಆಮೇಲೆ ಯಾರ ಮದುವೆಯಿರಲಿ, ಯಾರ ಪಾರ್ಟಿಯಿರಲಿ, ಎಲ್ಲರೂ ಕುಣಿಯಲು ಎದ್ದಾಗ "ಬ್ಯಾಗು, ಮೊಬೈಲು ನಾನು ನೋಡ್ಕೋತೀನಿ, ನೀವು ಹೋಗಿ" ಅಂತ ಕುರ್ಚಿ ಹಿಡಿದು ಕೂರುತ್ತಿದ್ದೆ.

ಹೋದ ವರ್ಷ ನಾನು ಕಾಯಿಲೆ ಬಿದ್ದಾಗ ಏನೇನಾಯಿತು ಅಂತ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಊಟ ತಂದುಕೊಟ್ಟವರು, ಮಕ್ಕಳನ್ನು ಸ್ಕೂಲಿಂದ ಕರೆತಂದವರು, ಆಫೀಸಿನಲ್ಲಿ ನನ್ನ ಕೆಲಸ ಹೊತ್ತವರು, ಏನೂ ಕೇಳದೆ ಸುಮ್ಮನೆ ಬಂದು ಪಕ್ಕದಲ್ಲಿ ಕೂತು ಹೋದವರು, ನಿಮ್ಮಲ್ಲಿ ಒಬ್ಬರನ್ನೂ ಮರೆತಿಲ್ಲ.

ಆದರೆ ಅಕ್ಕನ ಬಗ್ಗೆ ಬರೆಯದೆ ನನಗೆ ಸಮಾಧಾನವಿಲ್ಲ.

ಬೆಳಗಾದರೆ ರಿಪೋರ್ಟ್ ಬರುವುದಿತ್ತು. ರಾತ್ರಿ ಎರಡು ದಾಟಿತ್ತು, ನಾನು ಮಂಚದ ಅಂಚಿನಲ್ಲಿ ಕೂತೇ ಇದ್ದೆ. ಎಲ್ಲ ಸರಿಹೋಗುತ್ತೆ ಅಂತ ಅಕ್ಕ ಹೇಳಲಿಲ್ಲ. ಎದ್ದು ಲೈಟ್ ಆಫ್ ಮಾಡಿದಳು. ಮೊಬೈಲನ್ನು ಹಾಸಿಗೆ ಮೇಲೆ ಬೋರಲು ಹಾಕಿ, ಸಣ್ಣ ದನಿಯಲ್ಲಿ ಒಂದು ಹಾಡು ಹಚ್ಚಿದಳು. "ಏಳೇ. ನಿನಗೆ ನಾನು ಕಾಣಲ್ಲ, ನನಗೆ ನೀನು ಕಾಣಲ್ಲ" ಅಂದಳು.

ನಾನು ಏಳಲಿಲ್ಲ. ಅವಳು ಒತ್ತಾಯವನ್ನೂ ಮಾಡಲಿಲ್ಲ, ತಾನೇ ಕುಣಿಯಲು ಶುರುಮಾಡಿದಳು. ಕತ್ತಲಲ್ಲಿ ಅವಳ ಬಳೆ ಸದ್ದು, ನೆಲಕ್ಕೆ ಹಿಮ್ಮಡಿ ತಾಗುವ ಸದ್ದು, ಅಷ್ಟೇ. ಎಷ್ಟು ಹೊತ್ತಾಯಿತೋ, ನನ್ನ ಕಾಲ್ಬೆರಳು ತಾಳ ಹಾಕುತ್ತಿರುವುದು ನನಗೇ ಗೊತ್ತಾಯಿತು. ಆಮೇಲೆ ಭುಜ. ಆಮೇಲೆ ಎದ್ದೆ. ತಿಂಗಳುಗಟ್ಟಲೆ ಯಾರ್ಯಾರೋ ಒತ್ತಿ ನೋಡಿ, ಚುಚ್ಚಿ, ತೂಗಿ ಬರೆದುಕೊಂಡಿದ್ದ ಮೈ ಅದು. ಆ ಕತ್ತಲಲ್ಲಿ ಕೈ ಎತ್ತಿ ತಿರುಗಿದಾಗ ಮತ್ತೆ ನನ್ನದಾಯಿತು. ನಡುವೆ ಜೋರಾಗಿ ಅತ್ತುಬಿಟ್ಟೆ, ನನಗೆ ಸಾಯಲು ಇಷ್ಟವಿಲ್ಲ ಅಕ್ಕ ಅಂದೆ. ಅವಳು ಲೈಟ್ ಹಾಕಲಿಲ್ಲ, ಕುಣಿಯುವುದನ್ನು ನಿಲ್ಲಿಸಲೂ ಇಲ್ಲ. ಬಳೆ ಸದ್ದು ಸ್ವಲ್ಪ ಹತ್ತಿರ ಬಂತು.

ಬೆಳಗ್ಗೆ ಅದರ ಮಾತೇ ಎತ್ತಲಿಲ್ಲ. ಚೆನ್ನಾಗಿ ಕುಣಿದೆ ಅಂತ ಇವತ್ತಿನವರೆಗೂ ಒಂದು ಸಲವೂ ಹೇಳಿಲ್ಲ. ಎಲ್ಲಕ್ಕಿಂತ ಹೆಚ್ಚು ಋಣ ಇದಕ್ಕೇ ಅಕ್ಕ. ಹೊಗಳಿದ್ದರೆ ಅದೂ ಮಾರ್ಕ್ಸ್ ಕೊಟ್ಟ ಹಾಗೆ. ಮುಂದಿನ ಸಲ ಅಷ್ಟೇ ಚೆನ್ನಾಗಿ ಬರುತ್ತದೋ ಇಲ್ಲವೋ ಅಂತ ಮತ್ತೆ ಹೆದರುತ್ತಿದ್ದೆ. ನೀನು ನನ್ನನ್ನು ನೋಡುತ್ತ ನಿಲ್ಲಲಿಲ್ಲ, ಜೊತೆಗೆ ಕುಣಿದೆ.

ಹುಷಾರಾಗುವಾಗ ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಮೆಲ್ಬರ್ನ್‌ನಲ್ಲಿ 2009ರಲ್ಲಿ ಇಬ್ಬರು ನೃತ್ಯ ವಿದ್ಯಾರ್ಥಿನಿಯರು 'ನೋ ಲೈಟ್ಸ್ ನೋ ಲೈಕ್ರಾ' (ಲೈಟ್ ಇಲ್ಲ, ಮೈಗಂಟುವ ಲೈಕ್ರಾ ಬಟ್ಟೆಯೂ ಇಲ್ಲ) ಅಂತ ಶುರುಮಾಡಿದರಂತೆ. ಕತ್ತಲೆ ಹಾಲ್, ಹೇಳಿಕೊಡುವವರಿಲ್ಲ, ಕಲಿಯಬೇಕಾದ ಸ್ಟೆಪ್ಸ್ ಇಲ್ಲ, ತೋಚಿದಂತೆ ಕುಣಿಯುವುದು. ಅಕ್ಕ ಅದರ ಹೆಸರೂ ಕೇಳಿರಲಿಲ್ಲ. ಇನ್ನೊಂದು, ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗ. ಮುಜುಗರ ತರುವ ಟೀ ಶರ್ಟ್ ತೊಡಿಸಿ ವಿದ್ಯಾರ್ಥಿಗಳನ್ನು ಜನರಿದ್ದ ಕೋಣೆಗೆ ಕಳಿಸಿದರು. ಹೆಚ್ಚುಕಡಿಮೆ ಅರ್ಧ ಜನ ಗಮನಿಸಿರುತ್ತಾರೆ ಅಂತ ತೊಟ್ಟವರು ಅಂದುಕೊಂಡರು, ನಿಜವಾಗಿ ಗಮನಿಸಿದವರು ಸುಮಾರು ಕಾಲುಭಾಗ. ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಸ್ಕೂಲಿನ ಆ ನಗು ನನ್ನ ಕಲ್ಪನೆಯಲ್ಲ, ನಿಜವಾಗಿಯೂ ನಕ್ಕಿದ್ದರು. ಆದರೆ ಆಮೇಲಿನ ಅಷ್ಟೂ ಮದುವೆಗಳಲ್ಲಿ ನನ್ನ ಕಾಲನ್ನು ಯಾರು ನೋಡುತ್ತಿದ್ದರು?

ಶನಿವಾರ ಅಕ್ಕನೂ ಬಂದಿದ್ದಳು. ಹಾಲಿನ ಆ ತುದಿಯಲ್ಲಿ ಕಣ್ಣು ಮುಚ್ಚಿ ತನ್ನ ಪಾಡಿಗೆ ಕುಣಿಯುತ್ತಿದ್ದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮಿಬ್ಬರ ಬ್ಯಾಗು, ಮೊಬೈಲು ಗೋಡೆ ಪಕ್ಕದ ಕುರ್ಚಿ ಮೇಲೆ ಬಿದ್ದಿದ್ದವು. ನೋಡಿಕೊಳ್ಳಲು ಅಲ್ಲಿ ಯಾರೂ ಕೂತಿರಲಿಲ್ಲ.