ಅಣ್ಣನಿಗೆ, ಫ್ರಾನ್ಸಿನ ಬೋರ್ಡೋದಿಂದ

ಪ್ರೀತಿಯ ಅಣ್ಣ,

ನಾನಿಲ್ಲಿ ಚೆನ್ನಾಗಿದ್ದೇನೆ. ಅಪ್ಪ, ಅವ್ವ, ಅತ್ತಿಗೆ, ಮಕ್ಕಳು ಎಲ್ಲರೂ ಹುಷಾರಾಗಿದ್ದಾರೆ ತಾನೇ? ವಿಸಿ ನಾಲೆಗೆ ನೀರು ಬಿಟ್ಟರಾ? ಕಬ್ಬು ಕಡಿಯೋಕೆ ಆಳು ಸಿಕ್ಕಿದರಾ? ಮುಂದಿನ ಸಲ ಫೋನ್ ಮಾಡಿದಾಗ ಎಲ್ಲ ಹೇಳು.

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಒಂದೇ ತೋಟದ ವೈನು, ಒಂದೇ ಲೇಬಲ್ಲು, ಇಸವಿ ಮಾತ್ರ ಬೇರೆ. ಬೆಲೆ ಯಾಕೆ ಅಷ್ಟೊಂದು ಹೆಚ್ಚು ಕಡಿಮೆ ಅಂತ ಅಲ್ವಾ ನೀನು ಕೇಳಿದ್ದು? ನಮ್ಮ ವೈನ್ ಅಂಗಡಿಗೆ ಬರುವ ಗಿರಾಕಿಗಳಿಗಿಂತ ಮದ್ದೂರಿನಲ್ಲಿ ಬೇಸಾಯ ಮಾಡುವ ನಿನಗೆ ಇದು ಬೇಗ ಅರ್ಥವಾಗುತ್ತದೆ.

ಬಾಟಲಿ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಊರಿನ ಹೆಸರಿನ ಮೇಲೆ ವೈನ್ ಮಾರುವ ಇಲ್ಲಿನ ತೋಟಗಳಲ್ಲಿ, ಫಸಲು ಬಿಡುವ ಬಳ್ಳಿಗೆ ಸಾಮಾನ್ಯವಾಗಿ ನೀರು ಹಾಯಿಸುವ ಹಾಗಿಲ್ಲ. ತೀರಾ ಬರ ಬಂದರೆ ಅನುಮತಿ ಪಡೆಯಬೇಕು. ನಮ್ಮ ನಾಲೆ ಬಯಲಿನ ಗದ್ದೆಯಂತಲ್ಲ, ಮಳೆ ನೆಚ್ಚಿದ ರಾಗಿ ಹೊಲ ಇದ್ದ ಹಾಗೆ. ಹಾಗಾಗಿ ಆ ವರ್ಷದ ಮಳೆ, ಬಿಸಿಲು, ಚಳಿ ಎಲ್ಲ ಬಾಟಲಿಯೊಳಗೆ ಬಂದು ಕೂರುತ್ತದೆ. 2013ರಲ್ಲಿ ವಸಂತವೆಲ್ಲ ಥಂಡಿ. ಹೂವು ಸರಿಯಾಗಿ ಕಾಯಿ ಕಚ್ಚಲಿಲ್ಲ, ಕೊಯ್ಲಿನ ಹೊತ್ತಿಗೆ ಮಳೆ ಹಿಡಿಯಿತು. ಆ ವರ್ಷದ ಬಹಳಷ್ಟು ವೈನು ತೆಳು. 2016ರಲ್ಲಿ ಮೊದಲು ಚೆನ್ನಾಗಿ ಮಳೆ, ಆಮೇಲೆ ಒಣ ಬೇಸಿಗೆ. ಆ ವರ್ಷದ್ದು ಇನ್ನೂ ಎಷ್ಟೋ ವರ್ಷ ಇಡಬಹುದಾದ ಮಾಲು.

2017ರ ಕಥೆ ಕೇಳಿದರೆ ನಿನಗೆ ಹೊಟ್ಟೆ ಉರಿಯುತ್ತದೆ. ಏಪ್ರಿಲ್ ಕೊನೆಯಲ್ಲಿ, ಚಿಗುರು ಎಳೆಯದಾಗಿರುವಾಗ, ರಾತ್ರಿ ಹಿಮ ಕೊರೆದು ಸುಟ್ಟುಹಾಕಿತು. ಎಷ್ಟೋ ತೋಟಗಳಲ್ಲಿ ಫಸಲೇ ಇಲ್ಲ. ಆದರೆ ಜಿರೋಂದ್ ಅಳಿವೆಯ ದಡದಲ್ಲಿರುವ ಪೊಯಾಕ್, ಸೇಂಟ್ ಜೂಲಿಯನ್ ಕಡೆಯ ತೋಟಗಳು ಬಹುತೇಕ ಉಳಿದುಕೊಂಡವು. ದೊಡ್ಡ ನೀರಿನ ಪಕ್ಕದ ನೆಲ ಅಷ್ಟು ಬೇಗ ತಣ್ಣಗಾಗುವುದಿಲ್ಲ. 2017 ಕೆಟ್ಟ ವರ್ಷ ಅಂತ ಯಾರಾದರೂ ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ನಾನು ಒಪ್ಪುವುದಿಲ್ಲ. ಯಾವ ದಡ, ಯಾವ ಮಣ್ಣು ಅಂತ ಮೊದಲು ಕೇಳಬೇಕು.

ಮಣ್ಣಿನದ್ದೂ ಹಾಗೇ. ಗರೋನ್ ನದಿ, ಜಿರೋಂದ್ ಅಳಿವೆಯ ಎಡದಂಡೆಯಲ್ಲಿ, ಅದರಲ್ಲೂ ಮೆದೋಕ್ ಕಡೆ, ನೊರಜುಗಲ್ಲು ಜಾಸ್ತಿ. ನೀರು ನಿಲ್ಲುವುದಿಲ್ಲ, ಕಲ್ಲು ಬಿಸಿ ಹಿಡಿದಿಡುತ್ತದೆ. ತಡವಾಗಿ ಹಣ್ಣಾಗುವ ಕ್ಯಾಬರ್ನೆ ಸೊವಿನ್ಯೋನ್ ಅನ್ನೋ ದ್ರಾಕ್ಷಿ ತಳಿ ಅಲ್ಲಿ ಚೆನ್ನಾಗಿ ಬರುತ್ತದೆ. ದೊರ್ದೋನ್ ನದಿಯ ಬಲದಂಡೆಯಲ್ಲಿ, ಸೇಂಟ್ ಎಮಿಲಿಯೋನ್, ಪೊಮೆರೋಲ್ ಕಡೆ, ಜೇಡಿಮಣ್ಣು, ಸುಣ್ಣಕಲ್ಲು. ಅಲ್ಲಿ ಬೇಗ ಹಣ್ಣಾಗುವ ಮೆರ್ಲೋ ತಳಿ ಹೆಚ್ಚು. ಬಿಸಿಲು ಸಾಲದ ವರ್ಷ ಕ್ಯಾಬರ್ನೆ ಬಲಿಯದೆ ಹಸಿ ದಪ್ಪ ಮೆಣಸಿನಕಾಯಿ ವಾಸನೆ ಬರುತ್ತದೆ. ತೀರಾ ಒಣ ವರ್ಷದಲ್ಲಿ ಜೇಡಿಮಣ್ಣು ತೇವ ಇಟ್ಟುಕೊಂಡು ಬಳ್ಳಿಯನ್ನು ಕಾಯುತ್ತದೆ.

ಇದನ್ನೆಲ್ಲ ನಾಲಿಗೆಯಲ್ಲಿ ಹಿಡಿಯುವುದೇ ನನ್ನ ಕೆಲಸ. ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿಕೊಂಡು ಮೇಜಿನ ಮೇಲೆ ಬಿಳಿ ಕಾಗದ ಹಾಸುತ್ತೇವೆ. ಹೆಸರು ಕಾಣದ ಹಾಗೆ ಬಾಟಲಿಗಳಿಗೆ ಚೀಲ ಸುತ್ತಿರುತ್ತಾರೆ. ಮೊದಲು ಲೋಟ ವಾಲಿಸಿ ಅಂಚಿನ ಬಣ್ಣ ನೋಡುತ್ತೇನೆ. ಹೊಸ ಕೆಂಪು ವೈನಿನ ಅಂಚು ನೇರಳೆ, ವಯಸ್ಸಾದಂತೆ ಇಟ್ಟಿಗೆ ಬಣ್ಣಕ್ಕೆ ತಿರುಗಿ ತೆಳುವಾಗುತ್ತದೆ. ಬಿಳಿ ವೈನು ತದ್ವಿರುದ್ಧ, ವಯಸ್ಸಾದಷ್ಟೂ ಬಣ್ಣ ಗಾಢ. ಆಮೇಲೆ ಲೋಟ ತಿರುಗಿಸಿ ಮೂಸುತ್ತೇನೆ. ನೆಂದ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಕೆಟ್ಟಿದೆ ಅಂತ ಅರ್ಥ, ಎಷ್ಟೇ ದುಬಾರಿಯಾದರೂ ಪಕ್ಕಕ್ಕೆ. ಇಲ್ಲದಿದ್ದರೆ ಒಂದು ಗುಟುಕು ಬಾಯಲ್ಲಿ ಆಡಿಸುತ್ತೇನೆ. ಹುಳಿ ಇದ್ದರೆ ಜೊಲ್ಲು ಬರುತ್ತದೆ. ಒಗರು ಇದ್ದರೆ ಒಸಡು ಬಿಗಿಯುತ್ತದೆ. ಈ ಎರಡರ ಜೊತೆಗೆ ಹಣ್ಣಿನ ರುಚಿಯೂ ತುಂಬಿಕೊಂಡಿದ್ದರೆ ಇಟ್ಟು ಕುಡಿಯಬಹುದಾದ ವೈನು. ಹಣ್ಣು ಆಗಲೇ ಬಾಡಿ ಬರೀ ಒಗರು ಉಳಿದಿದ್ದರೆ ಇಟ್ಟರೂ ಸುಖವಿಲ್ಲ.

ಅವ್ವನಿಗೆ ಇದನ್ನು ಓದಿ ಹೇಳು: ಆಮೇಲೆ ಎಲ್ಲವನ್ನೂ ಉಗಿಯುತ್ತೇವೆ. ಪ್ರತಿಯೊಬ್ಬರ ಮುಂದೆಯೂ ಉಗಿಯೋಕೆ ಒಂದು ಡಬ್ಬ ಇರುತ್ತದೆ. ಹೊಟ್ಟೆಗೆ ಇಳಿಸಿಕೊಂಡರೆ ಈ ಕೆಲಸ ಮಾಡೋಕೇ ಆಗುವುದಿಲ್ಲ. ಅವಳು ಚಿಂತೆ ಮಾಡುವುದು ಬೇಡ.

ಎಲ್ಲ ಕಡೆಯೂ ಇಸವಿಗೆ ಇಷ್ಟೇ ಬೆಲೆ ಅಂತಲ್ಲ. ಶಾಂಪೇನ್‌ನಲ್ಲಿ ಹೆಚ್ಚಿನ ಬಾಟಲಿಗಳ ಮೇಲೆ ಇಸವಿಯೇ ಇರುವುದಿಲ್ಲ, ಹಲವು ವರ್ಷದ ವೈನ್ ಬೆರೆಸಿ ಪ್ರತಿ ಸಲ ಒಂದೇ ರುಚಿ ತರುತ್ತಾರೆ. ಸ್ಪೇನಿನ ರಿಯೋಹಾದಲ್ಲಿ ರೆಸೆರ್ವಾ ಅಂತ ಬರೆದಿದ್ದರೆ ಕೆಂಪು ವೈನನ್ನು ಕನಿಷ್ಠ 3 ವರ್ಷ ಮಾಗಿಸಿರಬೇಕು, ಅದರಲ್ಲಿ 1 ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಕಾಯುವ ಕೆಲಸ ಅವರೇ ಮಾಡಿರುತ್ತಾರೆ. ಮನೆಯಲ್ಲಿ ಇಡಲು ಜಾಗವಿಲ್ಲದ ಗಿರಾಕಿಗೆ ನಾನು ಕೊಡುವುದು ಅದನ್ನೇ. ನಮ್ಮ ನಂದಿ ಬೆಟ್ಟದ ಕಡೆಯ ವೈನ್ ದ್ರಾಕ್ಷಿಯನ್ನು ಮಳೆಗಾಲ ಕಳೆದ ಮೇಲೆ ಹಣ್ಣಾಗುವ ಹಾಗೆ ಸವರಿ, ವರ್ಷದ ಮೊದಲ ತಿಂಗಳುಗಳಲ್ಲಿ ಕೊಯ್ಯುತ್ತಾರೆ ಅಂದರೆ ಇಲ್ಲಿಯವರಿಗೆ ಆಶ್ಚರ್ಯ. ಇವರ ಕೊಯ್ಲು ಸೆಪ್ಟೆಂಬರ್, ಅಕ್ಟೋಬರಿಗೆ.

ಈಗ ಮುಖ್ಯ ವಿಷಯ. ಮೈಸೂರಿನ ನನ್ನ ಗೆಳತಿ ಮುಂದಿನ ವಾರ ಊರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ನಿನಗೆ ಎರಡು ಬಾಟಲಿ ಕಳಿಸುತ್ತಿದ್ದೇನೆ. ಎರಡೂ ಸೇರಿ ಒಂದೂವರೆ ಲೀಟರ್, ಕಸ್ಟಮ್ಸ್‌ನವರು 2 ಲೀಟರ್‌ವರೆಗೆ ಬಿಡುತ್ತಾರೆ. ದೊಡ್ಡ ಹೆಸರಿನ ಎಡದಂಡೆಯ ವೈನು ಬೇಕಂತಲೇ ಆರಿಸಲಿಲ್ಲ. ಎಳೆಯ ಕ್ಯಾಬರ್ನೆಯ ಒಗರು ಅತ್ತಿಗೆ ಮಾಡುವ ಮಟನ್ ಸಾರಿನ ಖಾರಕ್ಕೆ ಸೇರಿದರೆ ಬಾಯಿ ಇನ್ನೂ ಉರಿಯುತ್ತದೆ. ಅದಕ್ಕೇ ಮೊದಲನೆಯದು ಬಲದಂಡೆಯ 2018ರ ಮೆರ್ಲೋ, ಬಿಸಿಲು ಕಂಡ ವರ್ಷದ್ದು, ಮೆತ್ತಗೆ ದುಂಡಗಿದೆ. ಈಗಲೇ ಕುಡಿಯಬಹುದು.

ಎರಡನೆಯದು ಸೊತೆರ್ನ್, ಸಿಹಿ ವೈನು. ನನಗೆ ಇದರ ಮೇಲೆ ಜೀವ. ಸಿರೋನ್ ಅನ್ನೋ ತಣ್ಣೀರಿನ ಹೊಳೆ ಗರೋನ್ ಸೇರುವ ಕಡೆ ಶರತ್ಕಾಲದ ಬೆಳಿಗ್ಗೆ ಮಂಜು ಏಳುತ್ತದೆ. ಆ ತೇವಕ್ಕೆ ಹಣ್ಣಿಗೆ ಬೂಸ್ಟು ಹಿಡಿಯುತ್ತದೆ, ಮಧ್ಯಾಹ್ನದ ಬಿಸಿಲಿಗೆ ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ. ಎಲ್ಲ ಹಣ್ಣಿಗೂ ಒಟ್ಟಿಗೆ ಹಿಡಿಯುವುದಿಲ್ಲವಲ್ಲ, ಹಾಗಾಗಿ ಆಳುಗಳು ಅದೇ ಸಾಲಿಗೆ ಮತ್ತೆ ಮತ್ತೆ ಹೋಗಿ ಆರಿಸಿ ಕೊಯ್ಯಬೇಕು. ಮಂಜು ಬರದೆ ಬರೀ ಮಳೆ ಬಂದರೆ ಹಣ್ಣು ಸುಮ್ನೆ ಕೊಳೆಯುತ್ತದೆ. ಇಲ್ಲಿನ ಅತಿ ದೊಡ್ಡ ಹೆಸರಾದ ಶಾಟೋ ದಿಕೆಮ್‌ನವರು 2012ರಲ್ಲಿ ಫಸಲು ತಮ್ಮ ಮಟ್ಟಕ್ಕೆ ಇಲ್ಲವೆಂದು ಆ ಹೆಸರಿನಲ್ಲಿ ವೈನನ್ನೇ ಹೊರತರಲಿಲ್ಲ. ಒಂದು ವರ್ಷದ ದುಡಿಮೆ ಹೋದರೂ ಹೆಸರು ಕೆಡಿಸಿಕೊಳ್ಳಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದೇ ಅದರಿಂದ.

ಎರಡನ್ನೂ ಬಿಸಿಲು ಬೀಳದ ಕಡೆ, ಅಡುಗೆಮನೆಯಿಂದ ದೂರ, ಮಲಗಿಸಿ ಇಡು. ಊರಿನ ಸೆಕೆಗೆ ಮೆರ್ಲೋವನ್ನೂ ಕುಡಿಯುವ ಮುಂಚೆ ಅರ್ಧ ಗಂಟೆ ಫ್ರಿಜ್‌ನಲ್ಲಿಡು. ಐಸ್ ಹಾಕಬೇಡ. ಸೊತೆರ್ನ್ ಚೆನ್ನಾಗಿ ತಣ್ಣಗಿರಲಿ, ಚಿಕ್ಕ ಲೋಟದಲ್ಲಿ ಸ್ವಲ್ಪ ಸ್ವಲ್ಪ ಸಾಕು. ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಕೆಲವು ದಿನ ಚೆನ್ನಾಗಿಯೇ ಇರುತ್ತದೆ. ಅಪ್ಪ ಮುಟ್ಟುವುದಿಲ್ಲ ಅಂತ ಗೊತ್ತು, ಬಲವಂತ ಮಾಡಬೇಡ. ದೊಡ್ಡಪ್ಪನಿಗೆ ಮಾತ್ರ ಎರಡನ್ನೂ ಕೊಟ್ಟು, ಯಾವುದು ಹಿಡಿಸಿತು, ಯಾಕೆ ಹಿಡಿಸಿತು ಅಂತ ಅವರ ಮಾತಿನಲ್ಲೇ ಕೇಳಿ ನನಗೆ ಬರೆ.

ಅಪ್ಪ ಅವ್ವನಿಗೆ ನನ್ನ ನಮಸ್ಕಾರ. ಮಕ್ಕಳಿಗೆ ಮುತ್ತು. ಅವರಿಗೆ ಚಾಕಲೇಟ್ ಅದೇ ಚೀಲದಲ್ಲಿದೆ.

ಇಂತಿ,
ನಿನ್ನ ತಂಗಿ