ಎಸ್ಲಿಂಗನ್‌ನಿಂದ ಅವ್ವನಿಗೆ

ಎಸ್ಲಿಂಗನ್, ಜರ್ಮನಿ
ನವೆಂಬರ್ 23

ಪ್ರೀತಿಯ ಅವ್ವ,

ಕರ್ತನಲ್ಲಿ ನಿನಗೂ ಅಪ್ಪನಿಗೂ ತಮ್ಮನಿಗೂ ವಂದನೆಗಳು. ಮೊನ್ನೆ ಫೋನಿನಲ್ಲಿ ಎಲ್ಲ ಹೇಳುವುದಕ್ಕೆ ಆಗಲಿಲ್ಲ. ಅಪ್ಪ ಪಕ್ಕದಲ್ಲೇ ಕೂತಿದ್ದರು, ನನಗೆ ಅಳು ಬಂದುಬಿಡುತ್ತಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪನಿಗೆ ಲಕ್ವ ಹೊಡೆದ ವಾರ ನೀನು ಅಂದಿದ್ದೆಯಲ್ಲ, "ಬರಬೇಕೋ ಅಲ್ಲೇ ಇರಬೇಕೋ ನಾನು ಹೇಳೋದಿಲ್ಲ, ದೇವರ ಚಿತ್ತ ಏನಂತ ಕೇಳು" ಅಂತ. ಅವತ್ತಿನಿಂದ ಮೂರು ತಿಂಗಳು ಕೇಳಿದೆ. ನಿಜ ಹೇಳಬೇಕೆಂದರೆ ಕೇಳಲಿಲ್ಲ ಅವ್ವ, "ಬಾ ಅಂತ ಹೇಳು" ಎಂದು ದೇವರಿಗೇ ಹೇಳಿಕೊಡುತ್ತಿದ್ದೆ. ಬೈಬಲಿನ ಗಿದ್ಯೋನನ ಹಾಗೆ ಗುರುತು ಬೇರೆ ಇಡುತ್ತಿದ್ದೆ. ಈ ಭಾನುವಾರ ರಜೆ ಸಿಕ್ಕರೆ ಹೋಗು ಅಂತ ಅರ್ಥ. ಸಿಕ್ಕಿತು. ಆದರೂ ನೆಮ್ಮದಿ ಇಲ್ಲ. ಸರಿ, ಟಿಕೆಟ್ ದರ ಇಳಿದರೆ ಹೋಗು ಅಂತ ಅರ್ಥ. ಗಿದ್ಯೋನ ದೇವರಿಂದ ಗುರುತು ಕೇಳಿ ಎರಡು ಸಲ ಉಣ್ಣೆ ಹಾಸಿ ನಿಲ್ಲಿಸಿದ. ನಾನು ಎಷ್ಟು ಸಲ ಹಾಸಿದೆನೋ ಲೆಕ್ಕವಿಲ್ಲ.

ನಮ್ಮ ವೃದ್ಧಾಶ್ರಮದಲ್ಲಿ 91 ವರ್ಷದ ಒಬ್ಬ ಅಜ್ಜಿ ಇದ್ದಾರೆ. ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಬ್ರೆಡ್ ತಿನ್ನುವಾಗ ಒಂದು ಚಿಕ್ಕ ನೀಲಿ ಪುಸ್ತಕದಿಂದ ಆ ದಿನದ ಬೈಬಲ್ ವಚನ ನಾನು ಓದಬೇಕು. ಪುಟದ ಮೇಲೆ ಬಿದ್ದ ಬ್ರೆಡ್ಡಿನ ಪುಡಿಯನ್ನು ಅವರು ಬೆರಳಲ್ಲಿ ಒತ್ತಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾರೆ, ಥೇಟ್ ನಮ್ಮ ಮನೆಯ ಅಜ್ಜಿ ರೊಟ್ಟಿಯ ಚೂರು ತೆಗೆಯುತ್ತಿದ್ದ ಹಾಗೆ. ಆ ಪುಸ್ತಕದ ಹೆಸರು ಲೋಸುಂಗನ್. ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಎಂಬ ಕ್ರೈಸ್ತ ಸಭೆಯವರು 1731ರಿಂದ ಅಚ್ಚು ಹಾಕಿಸುತ್ತಾ ಬಂದಿದ್ದಾರೆ. ಹಳೆ ಒಡಂಬಡಿಕೆಯ ವಚನವನ್ನು ಚೀಟಿ ಎತ್ತಿಯೇ ಆರಿಸುತ್ತಾರೆ. ಹೊಸ ಒಡಂಬಡಿಕೆಯ ವಚನವನ್ನು ಅದಕ್ಕೆ ಹೊಂದುವಂತೆ ಓದಿ, ಯೋಚಿಸಿ ಆರಿಸುತ್ತಾರೆ. ಹೊಸ ವರ್ಷದ ರಾತ್ರಿ ಚರ್ಚಿನಲ್ಲಿ ನಾವು ವಾಗ್ದಾನದ ವಚನದ ಚೀಟಿ ಎತ್ತುತ್ತೇವಲ್ಲ, ಅದು ನೆನಪಾಯಿತು.

ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ, "ಅಜ್ಜಿ, ಇವತ್ತಿನ ವಚನ ನನಗೇ ಬಂದದ್ದು ಅಲ್ವಾ?" ಎಂದು. ಅವರು ನನ್ನ ಕೈ ಹಿಡಿದುಕೊಂಡರು. "ಈ ಚೀಟಿ ಎತ್ತಿ ಮೂರು ವರ್ಷ ಆಯ್ತು ಮಗಳೇ, ಎಲ್ಲರಿಗೂ ಅಂತ. ನಿನ್ನ ವಿಷಯ ಪುಸ್ತಕವನ್ನು ಕೇಳಬೇಡ, ಆತನನ್ನೇ ಕೇಳು. ಆದರೆ ಮೊದಲು ನಿನಗೆ ಏನು ಬೇಕು ಅಂತ ಅಡಗಿಸದೆ ಹೇಳು."

ಆ ರಾತ್ರಿ ಬೈಬಲಿನಲ್ಲಿ, ಸೆರೆಯಾಗುವ ಮೊದಲು ಯೇಸು ಗೆತ್ಸೆಮನೆಯಲ್ಲಿ ಪ್ರಾರ್ಥಿಸಿದ ಭಾಗ ತೆಗೆದೆ. ಎಷ್ಟು ಸಲ ಓದಿಲ್ಲ! ಆದರೂ ಈ ಸಲವೇ ಕಣ್ಣಿಗೆ ಬಿದ್ದದ್ದು: "ನಿನ್ನ ಚಿತ್ತದಂತೆ ಆಗಲಿ" ಎನ್ನುವ ಮೊದಲು ಯೇಸು "ಈ ಪಾತ್ರೆ ನನ್ನಿಂದ ಹೋಗಲಿ" ಎಂದು, ಆ ಸಂಕಟ ತಪ್ಪಲಿ ಎಂದು ಬಾಯಿಬಿಟ್ಟು ಕೇಳುತ್ತಾನೆ. ಮತ್ತಾಯ ಬರೆದ ಪ್ರಕಾರ, ಮೂರನೆಯ ಸಲವೂ ಅದೇ ಮಾತು. ಬೇಕಾದದ್ದನ್ನು ಮುಚ್ಚಿಡುವುದಿಲ್ಲ.

ನಾನು ಮುಚ್ಚಿಟ್ಟಿದ್ದೆ. ನಿನ್ನಿಂದಲೂ ಮುಚ್ಚಿಟ್ಟಿದ್ದೆ. ಅವ್ವ, ಇಲ್ಲಿ ಪೂರ್ತಿ ನರ್ಸ್ ಆಗಿ ಕೆಲಸ ಮಾಡುವುದಕ್ಕೆ ಒಂದು ಪರೀಕ್ಷೆ ಇದೆ, ಜುಲೈನಲ್ಲಿ ಅದರಲ್ಲಿ ಫೇಲಾದೆ. ಬಾಯಿ ಪರೀಕ್ಷೆಯಲ್ಲಿ ಜರ್ಮನ್ ತೊದಲಿತು. ಅವತ್ತಿನಿಂದ ಓಡಿಹೋಗಬೇಕು ಅನ್ನಿಸುತ್ತಿತ್ತು. ಆಗಸ್ಟಿನಲ್ಲಿ ಅಪ್ಪ ಬಿದ್ದರು. ಓಡುವುದಕ್ಕೆ ಒಳ್ಳೆ ಕಾರಣ ಸಿಕ್ಕಿತು. ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಅಪ್ಪನ ಮೇಲಿನ ಪ್ರೀತಿ ಸುಳ್ಳಲ್ಲ. ಆದರೆ ಅದರ ಹಿಂದೆ ನನ್ನ ಭಯ ಅಡಗಿ ಕೂತಿತ್ತು.

ಮಂಚದ ಪಕ್ಕ ಮೊಣಕಾಲೂರಿ ಎಲ್ಲ ಹೇಳಿಬಿಟ್ಟೆ. ಯಾವ ದನಿಯೂ ಕೇಳಲಿಲ್ಲ, ದರ್ಶನವೂ ಆಗಲಿಲ್ಲ. ನಿದ್ದೆ ಬಂತು, ಅಷ್ಟೇ. ಆಮೇಲೆ ಎರಡು ವಾರ ಗುರುತು ಇಡದೆ ಪ್ರಾರ್ಥಿಸಿದೆ, "ನಾನು ಬರಲಾ ಇರಲಾ" ಎಂದು ಸುಮ್ನೆ ಕೇಳುತ್ತಾ. ಇಲ್ಲಿನ ಪಾಸ್ಟರ್ ಹತ್ತಿರವೂ ಮಾತಾಡಿದೆ. ತಮ್ಮನಿಗೆ ಫೋನ್ ಮಾಡಿ ಮನೆಯ ನಿಜ ಸ್ಥಿತಿ ಕೇಳಿದೆ. ಅಪ್ಪ ಗೋಡೆ ಹಿಡಿದು ನಡೆಯುತ್ತಿದ್ದಾರೆ, ನಿನಗೇ ಬೆನ್ನುನೋವು ಜಾಸ್ತಿ ಎಂದು ಅವನಿಂದಲೇ ಗೊತ್ತಾಯಿತು. ನೀನೂ ಮುಚ್ಚಿಟ್ಟಿದ್ದೆ!

ನಮ್ಮ ಮಂಗಳೂರು ಸಮಾಚಾರ ಪತ್ರಿಕೆ ತೆಗೆದ ಮಿಷನರಿ ಮೊಗ್ಲಿಂಗ್ ಸಾಹೇಬರು 1881ರಲ್ಲಿ ತೀರಿಕೊಂಡದ್ದು ಇದೇ ಊರಲ್ಲಿ, ಗೊತ್ತಾ? ಹೆಂಡತಿಯ ಕಾಯಿಲೆಗಾಗಿ 1860ರಲ್ಲಿ ಕನ್ನಡನಾಡು ಬಿಟ್ಟು ಬಂದವರು, ಮತ್ತೆ ಅಲ್ಲಿಗೆ ಹೋಗಲಿಲ್ಲ. ಅವರೂ ಮಂಡಿಯೂರಿ ಇದನ್ನೇ ಕೇಳಿರಬೇಕು. ನೆಕ್ಕರ್ ನದಿ ದಾಟುವಾಗೆಲ್ಲ ಅವರ ನೆನಪಾಗುತ್ತದೆ.

ಈಗ ತೀರ್ಮಾನ ಹೇಳುತ್ತೇನೆ. ಫೆಬ್ರವರಿಯಲ್ಲಿ ಮತ್ತೆ ಪರೀಕ್ಷೆಗೆ ಕೂರುತ್ತೇನೆ. ಮಾರ್ಚಿನಲ್ಲಿ ಆರು ವಾರ ರಜೆ ಹಾಕಿ ಬೆಟಗೇರಿಗೆ ಬರುತ್ತೇನೆ, ಪಾಸಾದರೂ ಫೇಲಾದರೂ. ಮುಂದಿನದನ್ನು ನಾಲ್ಕೂ ಜನ ಕೂತು ಪ್ರಾರ್ಥನೆ ಮಾಡಿ ನೋಡೋಣ. ಇದಕ್ಕಿಂತ ಆಚೆ ನನಗೆ ಇನ್ನೂ ತೋರಿಲ್ಲ, ಆದರೆ ಇಷ್ಟನ್ನು ಹೆದರದೆ ಹೇಳಬಲ್ಲೆ.

ಬೆಳಗಿನ ಜಾವ ನೀನು ಹಿಟ್ಟಿನ ಡಬ್ಬಿಯ ಪಕ್ಕ ಸೆರಗು ಹೊದ್ದು ಪ್ರಾರ್ಥನೆಗೆ ಕೂರುವಾಗ ನನ್ನ ಹೆಸರೂ ಹೇಳು. ಪಾಸ್ ಮಾಡಿಸು ಅಂತ ಬೇಡ ಅವ್ವ, ಬಾಯಿ ತೊದಲದಿರಲಿ ಅಂತ ಕೇಳು. ಮತ್ತೆ ನಿನ್ನ ಬೆನ್ನು ತೋರಿಸಿಕೊಂಡು ಬಾ, ಈ ವಾರವೇ. ಶನಿವಾರ ಫೋನ್ ಮಾಡುತ್ತೇನೆ. ಅಪ್ಪ ಬಲಗೈಯಲ್ಲಿ ಚೆಂಡು ಹಿಚುಕುವುದನ್ನು ವಿಡಿಯೋದಲ್ಲಿ ತೋರಿಸಬೇಕು.

ನಿನ್ನ ಮಗಳು