ಮೊಲದ ಕಣ್ಣಲ್ಲಿ ಕಿಟಕಿ

ಪ್ರಿಯ ಸುಮಾ,

ರೆನೆಸಾನ್ಸ್ ಕಾಲದ ಪ್ರಾಣಿಚಿತ್ರಗಳ ಪ್ರದರ್ಶನದ ಬಗ್ಗೆ ನೀನು ಕಳಿಸಿದ ಕರಡು ಓದಿದೆ. ಜರ್ಮನ್ ಕಲಾವಿದ ಡ್ಯೂರರನ ಮೊಲ "ಈಗಲೋ ಆಗಲೋ ಜಿಗಿಯುವಂತಿದೆ" ಅಂದಿದ್ದೀಯ. ಅದನ್ನು ಹೊಡೆದುಹಾಕು. ಕ್ಯಾಲೆಂಡರಿನ ಮೊಲಕ್ಕೂ ಆ ಮಾತು ಒಪ್ಪುತ್ತದೆ.

ವಿಯೆನ್ನಾದ ಆಲ್ಬರ್ಟೀನಾ ಸಂಗ್ರಹಾಲಯದಲ್ಲಿರುವ 1502ರ ಆ ಹಾಳೆ ಅಗಲದಲ್ಲಿ ಒಂದು ಗೇಣು, ಎತ್ತರದಲ್ಲಿ ಸುಮಾರು 25 ಸೆಂ.ಮೀ. ಅಳತೆ ಹೇಳದಿದ್ದರೆ ಓದುಗರು ಗೋಡೆ ತುಂಬುವ ಚಿತ್ರ ಅಂದುಕೊಳ್ಳುತ್ತಾರೆ. ಮೊದಲು ಕಂದು ಜಲವರ್ಣವನ್ನು ತೆಳುವಾಗಿ ಬಳಿದು, ಆಮೇಲೆ ಕುಂಚದ ತುದಿಯಿಂದ ಒಂದೊಂದೇ ಕೂದಲು ಎಳೆದಿದ್ದಾನೆ, ಕೆಲವು ಕಡುಕಂದು, ಕೆಲವು ಬಿಳಿ. ಹಣೆಯ ಕೂದಲು ಒಂದು ಕಡೆಗೆ ಮಲಗಿದ್ದರೆ ಎದೆಯದು ಇನ್ನೊಂದು ಕಡೆಗೆ. ಕಣ್ಣಿನ ಕಪ್ಪಿನಲ್ಲಿ ಕಿಟಕಿಯ ಚೌಕಟ್ಟು ಹೊಳೆಯುತ್ತದೆ. ಬಯಲಿನ ಮೊಲಕ್ಕೆ ಕಿಟಕಿ ಎಲ್ಲಿಂದ ಬಂತು? ಲೇಖನ ಅಲ್ಲಿಂದ ಶುರುವಾಗಲಿ.

ಲಿಯೊನಾರ್ಡೊನ ಕುದುರೆಗಳನ್ನು "ಪೆನ್ಸಿಲ್ ಚಿತ್ರ" ಅಂದಿದ್ದು ತಪ್ಪು. ಪೆನ್ಸಿಲ್ಲಿಗೆ ಬೇಕಾದ ಗ್ರಾಫೈಟ್ ಇಂಗ್ಲೆಂಡಿನ ಬಾರೋಡೇಲಿನಲ್ಲಿ ಸಿಕ್ಕಿದ್ದು 16ನೇ ಶತಮಾನದಲ್ಲಿ. 1490ರ ಸುಮಾರಿನ ಆ ನೀಲಿ ಹಾಳೆಗಳ ಮೇಲೆ ಎಳೆದದ್ದು ಬೆಳ್ಳಿಯ ಮೊನೆಯಿಂದ. ಬರೀ ಕಾಗದದ ಮೇಲೆ ಬೆಳ್ಳಿ ಗೀರು ಮೂಡಿಸುವುದಿಲ್ಲ. ಮೂಳೆಬೂದಿ, ಅಂಟು, ಬಣ್ಣ ಕಲಸಿ ಮೊದಲೇ ಬಳಿದಿರಬೇಕು. ಒಮ್ಮೆ ಎಳೆದರೆ ಅಳಿಸುವುದು ಕಷ್ಟ. ಬೆಳ್ಳಿಪಾತ್ರೆ ಕಪ್ಪಾಗುವ ಹಾಗೆ ಗೆರೆಯೂ ಕಾಲಕ್ರಮದಲ್ಲಿ ಕಂದಾಗುತ್ತದೆ.

ಇನ್ನೊಮ್ಮೆ ಹೋಗಿ ನೋಡು. ಕಾಗದದ ಚಿತ್ರಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕಷ್ಟೇ ಬಿಡುತ್ತಾರೆ, ಹೆಚ್ಚಾದರೆ ಬಣ್ಣ ಮಾಸುತ್ತದೆ. ಒಳಗೆ ಹೋದ ತಕ್ಷಣ ಏನೂ ಬರೆಯಬೇಡ. ಕಣ್ಣು ಹೊಂದಿಕೊಳ್ಳಲು ಐದಾರು ನಿಮಿಷ ಬೇಕು. ಗಾಜು ಹೊಳೆದರೆ ಸ್ವಲ್ಪ ಓರೆಗೆ ನಿಂತು ನೋಡು. ಪೆನ್ನು ಚೀಲದಲ್ಲೇ ಇರಲಿ, ಪೆನ್ಸಿಲ್ ಸಾಕು.

ಡ್ಯೂರರನ ಘೇಂಡಾಮೃಗವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯಲ್ಲ, ಬೇಜಾರಾಯಿತು. ಗುಜರಾತಿನ ಸುಲ್ತಾನ ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ಕೊಟ್ಟ ಪ್ರಾಣಿ ಅದು. ಗೋವಾದಿಂದ ಹಡಗು ಹತ್ತಿ 1515ರ ಮೇ 20ರಂದು ಲಿಸ್ಬನ್ ಮುಟ್ಟಿತು. ಪೋರ್ಚುಗೀಸರು ಅದನ್ನು ಕರೆದದ್ದು 'ಗಂಡಾ' ಅಂತ. ಆ ಹೆಸರು ನಮ್ಮ ಕಿವಿಗೇನೂ ಹೊಸದಲ್ಲ. ಡ್ಯೂರರ್ ಅದನ್ನು ಕಣ್ಣಾರೆ ಕಂಡವನೇ ಅಲ್ಲ. ತನ್ನ ಊರು ನ್ಯೂರೆಂಬರ್ಗಿಗೆ ಬಂದ ವರ್ಣನೆ ನಂಬಿ ಬರೆದ. ಚರ್ಮದ ಮಡಿಕೆ ನಿಜ, ಆದರೆ ಅವನ ಕೈಯಲ್ಲಿ ಅದು ಕವಚವಾಯಿತು. ಹೆಗಲ ಮೇಲೊಂದು ಪುಟ್ಟ ಕೊಂಬೂ ಮೂಡಿತು.

ಕಂಡು ಬರೆದ ಮೊಲದ ಪಕ್ಕದಲ್ಲೇ ಆ ಕೊಂಬನ್ನು ಇಟ್ಟು ಮತ್ತೆ ಬರೆದು ಕಳಿಸು. 15ರೊಳಗೆ ಸಿಕ್ಕರೆ ಒಳ್ಳೆಯದು.